ಬಳ್ಳಾರಿ ಜಾಲಿ ಮುಳ್ಳು, ನಿಂಗಪ್ಪನ ರುಮಾಲು: ಓಣಿ ಮಕ್ಕಳಿಗೆ ರೋಗಾಣು ಯುದ್ಧದ ನೆರಳಾಟ ಕಟ್ಟೋದು ಹೇಗೆ

ಮಕ್ಕಳಿಗೆ ಆರೋಗ್ಯದ ಮಾತು ಹೇಳುವಾಗ ನಾವು ಬಹಳ ಸಲ ಹೆದರಿಸಿಬಿಡುತ್ತೇವೆ. ಚಪ್ಪಲಿ ಹಾಕ್ಕೋ, ಇಲ್ಲಾಂದ್ರೆ ಸೂಜಿ ಹಾಕಿಸ್ತೀನಿ ನೋಡು ಅಂತ. ಹೀಗೆ ವರ್ಷವಿಡೀ ಸೂಜಿ ಹೆಸರಲ್ಲಿ ಗದರಿಸಿ, ಆಮೇಲೆ ಒಂದು ದಿನ ಅದೇ ಸೂಜಿ ಹಾಕಿಸೋಕೆ ಬಾ ಅಂತ ಕರೆದರೆ ಮಗು ಯಾಕೆ ಬರುತ್ತೆ ಹೇಳಿ?

ಅದಕ್ಕೇ ನಮ್ಮ ಓಣಿಯಲ್ಲಿ ನಾವೊಂದು ಆಟ ಕಟ್ಟಿದ್ದೇವೆ. ಅರ್ಧ ಗಂಟೆಯ ನೆರಳಾಟ. ಒಂದು ಬಿಳಿ ಪಂಚೆ, ಒಂದು ಮೊಬೈಲ್ ಟಾರ್ಚ್, ರಟ್ಟಿನ ಗೊಂಬೆಗಳು, ಅಷ್ಟೇ. ಕಥೆ ಇಷ್ಟು: ಒಬ್ಬ ಹುಡುಗ ಬರಿಗಾಲಲ್ಲಿ ಬಯಲಿಗೆ ಹೋಗಿ ಬಳ್ಳಾರಿ ಜಾಲಿ ಮುಳ್ಳು ತುಳೀತಾನೆ. ಮಿಕ್ಕಿದ್ದೆಲ್ಲ ಅವನ ಕಾಲಿನ ಒಳಗೇ ನಡೆಯೋದು. ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಈ ಮುಳ್ಳು ತುಳಿಯದ ಮಗು ಇಲ್ಲ, ಹಾಗಾಗಿ ಮುಳ್ಳು ಅಂದ ಕೂಡಲೇ ಎಲ್ಲರ ಕೈಯೂ ಅವರವರ ಪಾದಕ್ಕೆ ಹೋಗುತ್ತೆ. ಕಥೆಗೆ ಬೇರೆ ಪೀಠಿಕೆ ಬೇಕಾಗೋದೇ ಇಲ್ಲ.

ನೆರಳಾಟವೇ ಯಾಕೆ ಅಂದ್ರೆ ನಮ್ಮದು ತೊಗಲು ಗೊಂಬೆಯ ಸೀಮೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಗಳನ್ನೂ ಪರದೆಗೆ ತಂದರು. ಅವರ ಕಲೆ ಜೀವಮಾನದ ಸಾಧನೆ, ನಮ್ಮ ರಟ್ಟಿನ ಗೊಂಬೆಯನ್ನು ಅದರ ಪಕ್ಕ ಇಡೋಕೆ ಆಗಲ್ಲ. ಆದರೆ ಆ ಆಟದಿಂದ ಒಂದು ಉಪಾಯ ಕಲಿಯಬಹುದು. ದೊಡ್ಡ ಕಥೆ ನಡೀತಿರುವಾಗ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗ್ತಾರಲ್ಲ, ಆ ಜೋಡಿ ನಿಮ್ಮ ಆಟದಲ್ಲೂ ಇರಲಿ. ಕಿಳ್ಳೇಕ್ಯಾತ ಪೆದ್ದು ಪ್ರಶ್ನೆ ಕೇಳಬೇಕು, ಬಂಗಾರಕ್ಕ ಸರಿಯಾದ ಉತ್ತರ ಕೊಡಬೇಕು.

ಗೊಂಬೆ ಕತ್ತರಿಸೋಕೆ ಕೂರುವ ಮೊದಲು ಒಂದು ಮಾತು. ನಗು ಏನಿದ್ರೂ ಒಳಗೆ ನಿಜವಾಗಿ ನಡೆಯೋದರಿಂದಲೇ ಹುಟ್ಟಬೇಕು. ಮೊದಲ ವರ್ಷ ನಾನು ಜ್ವರಕ್ಕೆ ಕೊಂಬು ಇಟ್ಟು ರಾಕ್ಷಸ ಮಾಡಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ವಾರ ಪಕ್ಕದ ಮನೆ ಹುಡುಗನಿಗೆ ಜ್ವರ ಬಂತು. ರಾಕ್ಷಸ ನನ್ನೊಳಗೆ ಹೊಕ್ಕಾನ ಅಂತ ಅವನು ರಾತ್ರಿಯೆಲ್ಲ ಅತ್ತನಂತೆ, ಅವರಮ್ಮ ಬೆಳಗ್ಗೆ ಬಂದು ಹೇಳಿದರು. ಜ್ವರ ಶತ್ರು ಹೊಡೆದ ಬಾಣ ಅಲ್ಲ, ನಮ್ಮ ಸೈನ್ಯವೇ ಹಚ್ಚಿದ ಬೆಂಕಿ. ನಾನು ಉಲ್ಟಾ ತೋರಿಸಿದ್ದೆ. ಆ ಗೊಂಬೆಯನ್ನು ಅವತ್ತೇ ಹರಿದು ಹಾಕಿದೆ. ಮಕ್ಕಳು ನಕ್ಕ ಮಾತನ್ನು ಮರೆಯಲ್ಲ, ಅದಕ್ಕೇ ನಗಿಸೋ ಜಾಗದಲ್ಲಿ ತಪ್ಪು ಇರಬಾರದು.

ಈಗ ಸಾಮಾನು. ಪಂಚೆಯನ್ನು ಬಾಗಿಲಿಗೆ ಅಡ್ಡ ಬಿಗಿಯಾಗಿ ಕಟ್ಟಿ, ಒಂದು ಸುಕ್ಕೂ ಇರಬಾರದು. ಟ್ಯೂಬ್‌ಲೈಟ್ ಬೇಡ, ನೆರಳು ಮಸುಕಾಗುತ್ತೆ. ಮೊಬೈಲ್ ಟಾರ್ಚ್ ಚಿಕ್ಕ ಚುಕ್ಕಿಯಂಥ ಬೆಳಕು, ನೆರಳು ಚೂಪಾಗಿ ಬೀಳುತ್ತೆ. ಪರದೆಯಿಂದ ಐದಾರು ಅಡಿ ಹಿಂದೆ ಒಂದು ಸ್ಟೂಲ್ ಮೇಲೆ ನಿಲ್ಲಿಸಿ. ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ನೆರಳು ಸ್ಪಷ್ಟ, ಬೆಳಕಿನ ಕಡೆ ತಂದಷ್ಟೂ ದೊಡ್ಡದಾಗುತ್ತೆ. ಮಿಠಾಯಿ ಡಬ್ಬಿಯ ರಟ್ಟು ಸಾಕು. ಹಿಡಿಕೆಗೆ ಹಳೇ ಸೈಕಲ್ ಕಡ್ಡಿ ಗಟ್ಟಿ, ಪೊರಕೆ ಕಡ್ಡಿ ನಡುವೆ ಮುರಿಯುತ್ತೆ. ಬಣ್ಣ ಬೇಕಾದ ಕಡೆ ರಟ್ಟಿನಲ್ಲಿ ಕಿಟಕಿ ಕೊರೆದು ಬಣ್ಣದ ಜಿಲೇಟಿನ್ ಹಾಳೆ ಅಂಟಿಸಿ.

ಅಳತೆ ಮಾತ್ರ ಸರಿಯಾಗಿ ಇಡಿ, ಇದರಲ್ಲೇ ಅರ್ಧ ಮಜಾ ಇದೆ. ಬಿಳಿ ರಕ್ತಕಣವನ್ನು ಒಂದು ಜೋಳದ ರೊಟ್ಟಿಯಷ್ಟು ಅಗಲ ಮಾಡಿದರೆ, ಬ್ಯಾಕ್ಟೀರಿಯಾ ಒಂದು ಶೇಂಗಾ ಕಾಯಿಯಷ್ಟು, ವೈರಸ್ ಒಂದು ಸಾಸಿವೆ ಕಾಳಿನಷ್ಟು. ಇದು ಸುಮ್ನೆ ಹೋಲಿಕೆ ಅಲ್ಲ, ನಿಜವಾದ ಲೆಕ್ಕವೇ ಹೆಚ್ಚು ಕಡಿಮೆ ಹೀಗಿದೆ. ಆಟಕ್ಕೆ ಮೊದಲು ಒಂದು ತಟ್ಟೆಯಲ್ಲಿ ರೊಟ್ಟಿ, ಶೇಂಗಾ, ಸಾಸಿವೆ ಇಟ್ಟು ಎಲ್ಲರ ಕೈಗೂ ದಾಟಿಸಿ. ನಮ್ಮಲ್ಲಿ ಒಬ್ಬ ಹುಡುಗ ಸಾಸಿವೆ ಕಾಳನ್ನು ಬೆರಳ ತುದಿಯಲ್ಲಿ ಅಂಟಿಸಿಕೊಂಡು, ಇಷ್ಟೇ ಇಷ್ಟು ಇದ್ದು ನಮ್ಮಪ್ಪನ್ನ ಎಂಟು ದಿನ ಮಲಗಿಸಿತ್ತಾ ಅಂತ ಕೇಳಿದ. ಆಟ ಅಲ್ಲೇ ಶುರುವಾಯ್ತು ಅಂದುಕೊಳ್ಳಿ.

ಪಾತ್ರಗಳೆಲ್ಲ ನಮ್ಮ ಮೈ ಕಾಯೋ ಬೇರೆ ಬೇರೆ ಕೋಶಗಳೇ. ಅವಕ್ಕೆ ನಮ್ಮೂರಿನ ಹೆಸರೇ ಇಡಿ, ಮೊದಲ ಅಕ್ಷರ ಹೊಂದುವ ಹಾಗೆ. ನ್ಯೂಟ್ರೋಫಿಲ್ ನಿಂಗಪ್ಪ. ಮ್ಯಾಕ್ರೋಫೇಜ್ ಮಲ್ಲವ್ವ. ಮಾಸ್ಟ್ ಕೋಶ ಮಾರೆಪ್ಪ. ಡೆಂಡ್ರೈಟಿಕ್ ಕೋಶ ದ್ಯಾಮಣ್ಣ. ಟಿ ಕೋಶ ತಿಪ್ಪಣ್ಣ, ಬಿ ಕೋಶ ಬಸವ್ವ. ಮುಂದೆ ಹೈಸ್ಕೂಲಿನಲ್ಲಿ ಆ ಉದ್ದುದ್ದ ಹೆಸರು ಬಂದಾಗ ಮಕ್ಕಳಿಗೆ ಇವರೆಲ್ಲ ಹಳೇ ಪರಿಚಯದವರ ಹಾಗೆ ಕಾಣ್ತಾರೆ.

ಮೊದಲ ದೃಶ್ಯ ಚರ್ಮ. ಇದನ್ನು ಬೇಗ ಮುಗಿಸಿ. ಉದ್ದ ರಟ್ಟಿನಲ್ಲಿ ಕೋಟೆ ಗೋಡೆ ಕತ್ತರಿಸಿ ಅಡ್ಡ ಹಿಡಿಯಿರಿ. ಶೇಂಗಾ ಗಾತ್ರದ ರೋಗಾಣುಗಳು ಬಂದು ಹಣೆ ಚಚ್ಚಿಕೊಂಡು ಬೀಳಲಿ. ಗೋಡೆಯ ಮೇಲುಗಡೆ ಇರೋರೆಲ್ಲ ಸತ್ತ ಕೋಶಗಳೇ, ಸತ್ತ ಮೇಲೂ ಕಾವಲು ನಿಂತಿದ್ದಾರೆ ಅಂತ ಬಂಗಾರಕ್ಕ ಹೇಳಲಿ. ಆಮೇಲೆ ಮೇಲಿನಿಂದ ಒಂದು ದೊಡ್ಡ ಮುಳ್ಳು ಬಂದು ಗೋಡೆಯನ್ನು ಚುಚ್ಚಬೇಕು. ನಾವು ನಿಜವಾದ ಜಾಲಿ ಮುಳ್ಳನ್ನೇ ಬೆಳಕಿನ ಹತ್ತಿರ ಹಿಡಿದೆವು. ಅದರ ನೆರಳು ಪರದೆ ತುಂಬಾ ಬಂದಾಗ ಮಕ್ಕಳೆಲ್ಲ ಒಟ್ಟಿಗೆ ಉಸಿರು ಎಳಕೊಂಡದ್ದು ಹಿಂದೆ ಕೂತ ನನಗೂ ಕೇಳಿಸಿತು.

ಗೋಡೆ ಒಡೆಯಿತು. ಈಗ ರೋಗಾಣುಗಳ ಮಾತು ನಮ್ಮೂರ ಭಾಷೆಯಲ್ಲೇ ಇರಲಿ. "ಏ, ಬರ್ರಲೇ, ಬಾಗ್ಲ ತೆಗದೈತಿ!" "ಊಟ ಐತಿ, ಬೆಚ್ಚಗೈತಿ, ಬಾಡಿಗಿ ಕೇಳಾವ್ರ ಯಾರೂ ಇಲ್ಲ!" ಅಷ್ಟರಲ್ಲಿ ಒಂದು ಇದ್ದದ್ದು ಎರಡಾಗಬೇಕು, ಎರಡು ನಾಲ್ಕಾಗಬೇಕು. ಇದಕ್ಕೆ ಒಂದರ ಹಿಂದೆ ಒಂದು ಮಡಚಿದ ಕಾಗದದಲ್ಲಿ ರೋಗಾಣು ಕತ್ತರಿಸಿ, ಎಳೆದ ಹಾಗೆಲ್ಲ ಸಾಲು ಬಿಚ್ಚಿಕೊಳ್ಳುತ್ತೆ. ಕೆಲವು ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ರಾತ್ರಿ 10ಕ್ಕೆ ಒಂದೇ ಒಂದು ಇದ್ದರೂ, ತಡೆಯೋರೇ ಇಲ್ಲಾಂದ್ರೆ ಬೆಳಗ್ಗೆ 6ಕ್ಕೆ 1 ಕೋಟಿ 67 ಲಕ್ಷ. ಈ ಲೆಕ್ಕವನ್ನು ಕಿಳ್ಳೇಕ್ಯಾತನ ಕೈಲಿ ಮಾಡಿಸಿ. ಬೆರಳು ಮುಗಿದು, ಕಾಲ್ಬೆರಳು ಮುಗಿದು, ಮುಂದೆ ಕೂತ ಮಕ್ಕಳ ಬೆರಳನ್ನೂ ಅವನು ಸಾಲ ಕೇಳಲಿ. ರಾತ್ರಿಯ ಅನ್ನ ಸಾರು ಯಾಕೆ ಹಾಗೇ ತೆರೆದಿಡಬಾರದು ಅಂತ ಬೇರೆ ಪಾಠ ಬೇಕಾಗಲ್ಲ.

ಆಗ ಮಾರೆಪ್ಪ. ಅವನ ಕೈಯಲ್ಲಿ ಡಂಗುರ ಕೊಡಿ, ಹಿಂದಿನಿಂದ ಯಾರಾದರೂ ತಗಡಿನ ಡಬ್ಬಿ ಬಡಿಯಲಿ. ಮಾಸ್ಟ್ ಕೋಶ ಮಾಡೋ ಕೆಲಸವೂ ಡಂಗುರವೇ. ಹಿಸ್ಟಮಿನ್ ಅನ್ನೋ ರಾಸಾಯನಿಕ ಚೆಲ್ಲುತ್ತೆ, ಸುತ್ತಲಿನ ರಕ್ತನಾಳ ಅಗಲ ಆಗುತ್ತೆ, ಗೋಡೆ ಸಡಿಲಾಗುತ್ತೆ, ನೀರು ಹೊರಗೆ ಸೋರುತ್ತೆ. ಅದಕ್ಕೇ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುತ್ತೆ. ಈ ನಾಲ್ಕೂ ಲಕ್ಷಣವನ್ನು ಸುಮಾರು ಎರಡು ಸಾವಿರ ವರ್ಷದ ಹಿಂದೆ ಸೆಲ್ಸಸ್ ಅನ್ನೋ ರೋಮನ್ ಲೇಖಕ ಬರೆದಿಟ್ಟಿದ್ದಾನೆ. ಕೆಂಪು ಜಿಲೇಟಿನ್ ಹಾಳೆಯನ್ನು ಟಾರ್ಚ್ ಮುಂದೆ ನಿಧಾನ ಹಿಡಿಯಿರಿ, ಇಡೀ ಪರದೆ ಕೆಂಪಾಗುತ್ತೆ. ಇದೇ ಮಾರೆಪ್ಪ ಕೆಲವರ ಮೂಗಿನಲ್ಲಿ ಕೂತು ಪಾರ್ಥೇನಿಯಂ ಹೂವಿನ ಪುಡಿ ಬಂದ್ರೂ ಊರಿಗೆ ಕಳ್ಳ ಬಂದ ಅಂತ ಡಂಗುರ ಸಾರುತ್ತಾನೆ, ಅದಕ್ಕೇ ಅವರಿಗೆ ಸಾಲು ಸಾಲು ಸೀನು. ರೋಗನಿರೋಧಕ ಶಕ್ತಿ ಜಾಸ್ತಿ ಮಾಡೋ ಪುಡಿ ಅಂತ ಡಬ್ಬಿ ತೋರಿಸಿದಾಗ ನಾನು ಈ ಮಾರೆಪ್ಪನನ್ನೇ ನೆನಪು ಮಾಡಿಕೊಳ್ಳೋದು. ಅವನ ಡಂಗುರ ಇನ್ನೂ ಜೋರಾದರೆ ಯಾರಿಗೆ ಬೇಕು?

ನಿಂಗಪ್ಪ ಬರೋ ದೃಶ್ಯಕ್ಕೆ ಸಮಯ ಜಾಸ್ತಿ ಕೊಡಿ. ಅವನು ಮೂಳೆಯ ಮಜ್ಜೆಯಲ್ಲಿ ಹುಟ್ಟಿದವನು. ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು 10,000 ಕೋಟಿ ನಿಂಗಪ್ಪರು ಹುಟ್ಟುತ್ತಾರೆ. ಬಹಳ ಮಂದಿ ಒಂದೆರಡು ದಿನವೂ ಬದುಕಲ್ಲ. ರಕ್ತನಾಳದಲ್ಲಿ ಅವನು ಹೋಗೋ ರೀತಿ ನೋಡಿದರೆ ಹುಲಿಗೆಮ್ಮನ ಜಾತ್ರೆಯ ಬಸ್ಸಿನಿಂದ ಇಳಿಯೋ ಹುಡುಗನ ನೆನಪಾಗುತ್ತೆ. ಡಂಗುರ ಕೇಳಿದ ಕಡೆ ನಾಳದ ಗೋಡೆಗೆ ಸಣ್ಣ ಸಣ್ಣ ಹಿಡಿಕೆಗಳು ಮೂಡುತ್ತವೆ. ಅವನು ಅದನ್ನು ಹಿಡಿದು ಉರುಳುತ್ತಾ ವೇಗ ಕಡಿಮೆ ಮಾಡುತ್ತಾನೆ, ಒಂದು ಕಡೆ ಗಟ್ಟಿಯಾಗಿ ಅಂಟಿ ನಿಲ್ಲುತ್ತಾನೆ, ಆಮೇಲೆ ಹೊಟ್ಟೆ ಒಳಗೆ ಎಳಕೊಂಡು ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಹೊರಗೆ ಬೀಳುತ್ತಾನೆ. ರಟ್ಟಿನ ಗೊಂಬೆ ಸಂದಿಯಲ್ಲಿ ನುಸುಳಲ್ಲ, ಹಾಗಾಗಿ ಈ ಒಬ್ಬನನ್ನು ಮಾತ್ರ ತೆಳು ಸ್ಪಂಜಿನಲ್ಲಿ ಮಾಡಿ. "ಸರೀರಿ, ಸರೀರಿ, ಸ್ಟಾಪ್ ಬಂತು" ಅಂತ ಅವನು ಸಂದಿಯಲ್ಲಿ ಒದ್ದಾಡುವಾಗ ನಮ್ಮಲ್ಲಿ ಹಿಂದೆ ಕೂತ ಅಜ್ಜಂದಿರೂ ನಕ್ಕರು.

ಹೊರಗೆ ಬಿದ್ದವನು ಹೆಸರು ಕೇಳಲ್ಲ, ಊರು ಕೇಳಲ್ಲ, ಸಿಕ್ಕ ಶೇಂಗಾ ನುಂಗುತ್ತಾನೆ. ನುಂಗಿ ಸಾಕಾಗದೇ ಹೋದಾಗ ಅವನ ಕೊನೇ ಅಸ್ತ್ರ ಒಂದಿದೆ. ತನ್ನ ಹೊಟ್ಟೆಯೊಳಗಿನ ಡಿಎನ್‌ಎ ಎಳೆಯನ್ನೇ ಬಿಚ್ಚಿ ಬಲೆ ಹಾಗೆ ಬೀಸುತ್ತಾನೆ, ರೋಗಾಣುಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ವಿಜ್ಞಾನಿಗಳು ಇದನ್ನು 2004ರಲ್ಲಷ್ಟೇ ವಿವರಿಸಿದ್ದು. ನಮ್ಮ ನಿಂಗಪ್ಪನಿಗೆ ತಲೆಗೆ ಬ್ಯಾಂಡೇಜ್ ಬಟ್ಟೆಯ ರುಮಾಲು ಸುತ್ತಿದ್ದೆವು. "ಹೋಗ್ಲಿ, ರುಮಾಲ ಹೋದ್ರ ಹೋಗ್ಲಿ, ಊರು ಉಳೀಲಿ" ಅಂತ ಅವನು ಅದನ್ನು ಬಿಚ್ಚಿ ತುಂಗಭದ್ರೆಯಲ್ಲಿ ಬಲೆ ಬೀಸಿದ ಹಾಗೆ ಬೀಸಿದ. ಬ್ಯಾಂಡೇಜ್ ಬಟ್ಟೆಯ ನೆರಳು ನಿಜವಾದ ಬಲೆ ಥರಾನೇ ಬೀಳುತ್ತೆ, ಮಾಡಿ ನೋಡಿ. ಬಲೆ ಬೀಸಿದವರಲ್ಲಿ ಹೆಚ್ಚಿನವರು ಅಲ್ಲೇ ಸಾಯುತ್ತಾರೆ.

ಇಲ್ಲಿ ಒಂದು ನಿಮಿಷ ಆಟ ನಿಲ್ಲಿಸಿ. ನಮ್ಮ ಮೊದಲ ಆಟದಲ್ಲಿ ಎರಡನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು, ಸತ್ತ ನಿಂಗಪ್ಪ ಎಲ್ಲಿಗೆ ಹೋಗ್ತಾನೆ ಅಂತ ಕೇಳಿದಳು. ಅವಳ ಮೊಣಕಾಲಿನಲ್ಲಿ ಒಂದು ಗಾಯ ಇತ್ತು, ಅಂಚಿನಲ್ಲಿ ಸ್ವಲ್ಪ ಹಳದಿ ಕೀವು. ಅದೇ ನೋಡಮ್ಮ ಅಂದೆ. ಕೀವಿನಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ ಇರೋದು. ಅವಳು ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು, ಮೂಗು ತಾಗೋಷ್ಟು ಹತ್ತಿರ ಬಗ್ಗಿ, ಬಹಳ ಹೊತ್ತು ನೋಡುತ್ತಾ ಕೂತಳು. ಅವಳಿಗಾಗಿಯೇ ಮುಂದಿನ ದೃಶ್ಯ ಉದ್ದ ಮಾಡಿದೆ.

ಮಲ್ಲವ್ವ ಬರಬೇಕು. ದೊಡ್ಡ ಮೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಪೊರಕೆ. ರೋಗಾಣುವನ್ನೂ ತಿನ್ನುತ್ತಾಳೆ, ಸತ್ತ ನಿಂಗಪ್ಪರನ್ನೂ ಎತ್ತಿ ಒಳಗೆ ಹಾಕಿಕೊಳ್ಳುತ್ತಾಳೆ, ಜಾಗ ಗುಡಿಸುತ್ತಾಳೆ. ನಿಂಗಪ್ಪನ ಹಾಗೆ ಒಂದೇ ದಿನದವಳಲ್ಲ, ತಿಂಗಳುಗಟ್ಟಲೆ ಬದುಕುತ್ತಾಳೆ. ಈ ತಿನ್ನೋ ಕೋಶಗಳ ಕೆಲಸ ಗೊತ್ತಾದದ್ದೂ ಒಂದು ಮುಳ್ಳಿನಿಂದಲೇ! 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರ ಮೀನಿನ ಗಾಜಿನಂಥ ಮರಿಗೆ ಒಂದು ಮುಳ್ಳು ಚುಚ್ಚಿ ರಾತ್ರಿ ಕಳೆದ. ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವನಿಗೆ ನೊಬೆಲ್ ಬಂತು. ಇದನ್ನು ಬಂಗಾರಕ್ಕ ಹೇಳಿದಾಗ ಕಿಳ್ಳೇಕ್ಯಾತ, "ಹಂಗಾರ ನಮ್ಮೂರ ಹುಡುಗ್ರಿಗೆ ಎಷ್ಟ್ ನೊಬೆಲ್ ಬರಬೇಕಾತು?" ಅಂತ ಕೇಳಲಿ.

ಜ್ವರ ತೋರಿಸೋದಾದರೆ ಹೀಗೆ ತೋರಿಸಿ. ಮಲ್ಲವ್ವ ತಲೆಗೆ ಒಂದು ಚೀಟಿ ಕಳಿಸುತ್ತಾಳೆ. ಮೆದುಳಿನಲ್ಲಿ ಮೈಯ ಬಿಸಿ ನೋಡಿಕೊಳ್ಳೋ ಒಂದು ಜಾಗ ಇದೆ, ಅಲ್ಲಿನವನು ಚೀಟಿ ಓದಿ ಗುಂಡಿ ಮೇಲಕ್ಕೆ ತಿರುಗಿಸುತ್ತಾನೆ. ಮೈ ಇನ್ನೂ ಅಷ್ಟು ಬಿಸಿ ಆಗಿರಲ್ಲ, ಅದಕ್ಕೇ ಚಳಿ ಅನಿಸುತ್ತೆ. ಮೇ ತಿಂಗಳು, ಹೊರಗೆ 42 ಡಿಗ್ರಿ, ಬಳ್ಳಾರಿಯ ಬಂಡೆಗಳೇ ಕಾದಿವೆ, ಹುಡುಗ ಮಾತ್ರ ಕುರಿ ಕಂಬಳಿ ಹೊದ್ದು ಹಲ್ಲು ಕಡೀತಾ "ಇನ್ನೊಂದ್ ಕಂಬಳಿ ಕೊಡವ್ವಾ" ಅಂತಾನೆ. ಈ ದೃಶ್ಯ ಎಲ್ಲರೂ ಮನೆಯಲ್ಲಿ ಕಂಡದ್ದೇ, ಕಾರಣ ಗೊತ್ತಾದ ಕೂಡಲೇ ನಗು ಬರುತ್ತೆ. ಜೊತೆಗೆ ಒಂದು ಮಾತು ನೇರವಾಗಿ ಹೇಳಿ: ನಮ್ಮದೇ ಬೆಂಕಿ ಆದರೂ ಜೋರಾದರೆ ಮನೆ ಸುಡುತ್ತೆ. ಎರಡು ಮೂರು ದಿನ ಇಳಿಯದಿದ್ದರೆ, ಮಗು ಮಂಕಾಗಿದ್ದರೆ, ಏನೂ ಕುಡಿಯದಿದ್ದರೆ, ತಕ್ಷಣ ಡಾಕ್ಟರ್ ಹತ್ತಿರ ಹೋಗಬೇಕು.

ಇಲ್ಲಿಯವರೆಗೆ ಹೊಡೆದಾಡಿದ್ದು ಊರಿನ ಸಾಮಾನ್ಯ ಜನ. ಇನ್ನು ಗುರುತು ಹಿಡಿಯೋ ಜಾಣರು. ದ್ಯಾಮಣ್ಣ ಪೋಸ್ಟ್‌ಮ್ಯಾನ್. ರೋಗಾಣುವಿನ ಒಂದು ಚೂರು ಚೀಲಕ್ಕೆ ಹಾಕಿಕೊಂಡು ತೊಡೆಸಂದಿಯ ಗಂಟಿಗೆ ಹೋಗುತ್ತಾನೆ. ಕಾಲಿಗೆ ಗಾಯ ಆದಾಗ ಅಲ್ಲಿ ಗಂಟು ಊದುತ್ತಲ್ವಾ, ಅದು ಊದೋದು ಒಳಗೆ ಪಂಚಾಯಿತಿ ಸೇರಿದ್ದಕ್ಕೆ. ಅಲ್ಲಿ ತಿಪ್ಪಣ್ಣ ಕೂತಿದ್ದಾನೆ. ಎದೆ ಮೂಳೆಯ ಹಿಂದೆ ಥೈಮಸ್ ಅನ್ನೋ ಶಾಲೆ ಇದೆ, ಅವನು ಅಲ್ಲಿ ಪಾಸಾಗಿ ಬಂದವನು. ಆ ಶಾಲೆಯಲ್ಲಿ ಎರಡೇ ಪ್ರಶ್ನೆ. ನಮ್ಮವರ ಗುರುತಿನ ಚೀಟಿ ಓದೋಕೆ ಬರುತ್ತಾ? ನಮ್ಮವರ ಮೇಲೇ ಕೈ ಎತ್ತುತ್ತೀಯಾ? ನೂರಕ್ಕೆ ಐದು ಮಂದಿಯೂ ಪಾಸಾಗಲ್ಲ. ತಿಪ್ಪಣ್ಣ ಚೂರನ್ನು ನೋಡಿ ಸಹಿ ಹಾಕಿದ ಮೇಲೆ ಬಸವ್ವನ ಕೆಲಸ ಶುರು.

ಬಸವ್ವ ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿ ದುಂಡಗಲ್ಲ, ಕವಲೊಡೆದ ಕೋಲಿನ ಆಕಾರ. ಅದೇ ಪ್ರತಿಕಾಯ, ಅಂದ್ರೆ ಶತ್ರುವಿಗೆ ಅಂಟಿಕೊಂಡು ಹಿಡಿಯೋ ಕವಲು. ಬೆಳೆದು ನಿಂತ ಒಂದು ಬಸವ್ವ ಸೆಕೆಂಡಿಗೆ ಸುಮಾರು 2,000 ಕವಲು ಬಡಿದು ಹಾಕುತ್ತಾಳೆ. ಹಿಂದಿನಿಂದ ಚಪ್ಪಾಳೆಯಲ್ಲಿ ರೊಟ್ಟಿ ಬಡಿಯೋ ಸದ್ದು ಮಾಡಿ, ಮಕ್ಕಳಿಗೂ ಬಡಿಯೋಕೆ ಹೇಳಿ, ವೇಗ ಹೆಚ್ಚಿಸುತ್ತಾ ಹೋಗಿ. ಮೊದಲ ಸಲ ಅವಳು ಹಿಟ್ಟು ಕಲಸಿ ಒಲೆ ಹಚ್ಚೋದಕ್ಕೇ ಒಂದು ವಾರ, ಹತ್ತು ದಿನ ಬೇಕು. ಎರಡನೇ ಸಲ ಅದೇ ಶತ್ರು ಬಂದರೆ ಒಲೆ ಬಿಸಿಯಾಗಿಯೇ ಇರುತ್ತೆ. ನೆನಪು ಎಷ್ಟು ವರ್ಷ ಇರುತ್ತೆ ಅನ್ನೋದಕ್ಕೆ ಉತ್ತರ ಅಟ್ಲಾಂಟಿಕ್ ಸಮುದ್ರದ ಫೆರೋ ದ್ವೀಪಗಳ ಕಥೆ ಹೇಳಿ. ಅಲ್ಲಿ 1781ರಲ್ಲಿ ದಡಾರ ಬಂದು ಹೋಗಿತ್ತು. ಮತ್ತೆ ಬಂದದ್ದು 1846ರಲ್ಲಿ. 65 ವರ್ಷದ ಹಿಂದೆ ದಡಾರ ಆಗಿದ್ದ ಮುದುಕರಿಗೆ ಎರಡನೇ ಸಲ ಬರಲಿಲ್ಲ ಅಂತ ಪಾನಮ್ ಅನ್ನೋ ಡಾಕ್ಟರ್ ಬರೆದಿಟ್ಟ.

ಕೊನೇ ದೃಶ್ಯ ಧನುರ್ವಾಯು. ಇದಕ್ಕಾಗಿಯೇ ಇಡೀ ಆಟ. ಮುಳ್ಳಿನ ತುದಿಯಲ್ಲಿ, ಮಣ್ಣಿನಲ್ಲಿ, ಸಗಣಿಯಲ್ಲಿ ಈ ರೋಗಾಣುವಿನ ಬೀಜಗಳು ಗಟ್ಟಿ ಕವಚ ಹಾಕಿಕೊಂಡು ಮಲಗಿರುತ್ತವೆ. ತುಕ್ಕಿನಿಂದಲೇ ಬರುತ್ತೆ ಅನ್ನೋದು ಸರಿಯಲ್ಲ. ಆಳದ, ಗಾಳಿ ಆಡದ ಗಾಯ ಸಿಕ್ಕರೆ ಸಾಕು. ಇವನು ಯುದ್ಧಕ್ಕೇ ಬರಲ್ಲ, ಮೂಲೆಯಲ್ಲಿ ಕೂತು ವಿಷ ಕಾಯಿಸುತ್ತಾನೆ. ಅದು ಎಷ್ಟು ಕಡಿಮೆ ಸಾಕು ಅಂದ್ರೆ, ರೋಗ ಬಂದು ವಾಸಿಯಾದವರಲ್ಲೂ ಬಸವ್ವ ಅದನ್ನು ಕಲಿತಿರಲ್ಲ, ಲಸಿಕೆ ಹಾಕಿಸಲೇಬೇಕು. ಲಸಿಕೆಯಲ್ಲಿ ಇರೋದು ಹಲ್ಲು ಕಿತ್ತ ವಿಷ. ಅದನ್ನು ಮೊದಲೇ ನೋಡಿ ಕಲಿತ ಬಸವ್ವನ ಕವಲುಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ, ವಿಷದ ಹನಿ ಕಂಡ ಕೂಡಲೇ ಅಪ್ಪಿ ಹಿಡಿಯುತ್ತವೆ. ವಿಷವನ್ನು ಕಪ್ಪು ಮಣಿಗಳಲ್ಲಿ ತೋರಿಸಿ, ಕವಲುಗಳಿಗೆ ಸ್ವಲ್ಪ ಅಂಟು ಹಚ್ಚಿ. ಮಣಿ ಅಂಟಿಕೊಂಡ ಹಾಗೆಲ್ಲ ಮಕ್ಕಳು ಎಣಿಸಲಿ.

ಪರದೆ ಬಿಚ್ಚುವ ಮೊದಲು ದೊಡ್ಡವರ ಕಡೆ ತಿರುಗಿ ನಾಲ್ಕು ಮಾತು ಹೇಳಿ. ಮುಳ್ಳು ತೆಗೆದ ಮೇಲೆ ಸೋಪು, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮಣ್ಣು, ಸಗಣಿ ಮೆತ್ತಬೇಡಿ. ಕೀವು ಹಿಂಡಬೇಡಿ. ಕೆಂಪು ಹರಡಿದರೆ, ಕೆಂಪು ಗೆರೆ ಮೇಲಕ್ಕೆ ಏರಿದರೆ ತಡ ಮಾಡಬೇಡಿ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು ತಡೆಯೋ ಟಿಡಿ ಲಸಿಕೆ ಸರ್ಕಾರದಿಂದ ಉಚಿತ, ಆಶಾ ಅಕ್ಕನನ್ನು ಕೇಳಿ ಕಾರ್ಡ್ ನೋಡಿಕೊಳ್ಳಿ. ನಾವು ಆಶಾ ಅಕ್ಕನನ್ನೇ ಆಟಕ್ಕೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು, ಅದು ಬಹಳ ಅನುಕೂಲ ಆಯ್ತು.

ಆಮೇಲೆ ಟಾರ್ಚ್ ಆರಿಸಬೇಡಿ. ಗೊಂಬೆಗಳನ್ನು ಮಕ್ಕಳ ಕೈಗೆ ಕೊಟ್ಟು ಪರದೆ ಹಿಂದೆ ಬಿಡಿ, ನೀವು ಮುಂದೆ ಬಂದು ಕೂತು ಅವರ ಆಟ ನೋಡಿ. ಎಲ್ಲಿ ತಪ್ಪು ಅರ್ಥ ಆಗಿದೆ ಅಂತ ಅಲ್ಲೇ ಗೊತ್ತಾಗುತ್ತೆ, ಮುಂದಿನ ಆಟಕ್ಕೆ ತಿದ್ದಿಕೊಳ್ಳಬಹುದು. ನಮ್ಮಲ್ಲಿ ಹುಡುಗರೆಲ್ಲ ಮುಳ್ಳಿಗೂ ಡಂಗುರಕ್ಕೂ ಜಗಳ ಆಡಿದರು. ಮೊಣಕಾಲು ಗಾಯದ ಹುಡುಗಿ ಮಾತ್ರ ನಿಂಗಪ್ಪನನ್ನು ತಗೊಂಡು, ಬಿಚ್ಚಿದ ರುಮಾಲನ್ನು ಮತ್ತೆ ಅವನ ತಲೆಗೆ ಸುತ್ತಿ, ಅವನನ್ನು ಪರದೆಯ ಕೆಳಗೆ ಮಲಗಿಸಿ, ಮಲ್ಲವ್ವನ ಗೊಂಬೆ ಯಾರ ಹತ್ರ ಐತಿ ಅಂತ ಕೂಗಿದಳು.